ಲೋಡರ್ ಬಕೆಟ್ಟಿಗೂ ಒಂದು ಗುಳ ಬೇಕು

2016ರಲ್ಲಿ ನಾವು ಮೂರು ಮನೆಯವರು ಸೇರಿ ಒಂದು ಹಳೆಯ ಟ್ರಾಕ್ಟರ್ ಕೊಂಡೆವು. ಮುಂದೆ ಲೋಡರ್ ಕಟ್ಟಿದ್ದು. ನಾನಿರುವುದು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆ ಕಡೆ. ಭಾವನ ತೋಟ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ, ಫಲ್ಗುಣಿ ಹೊಳೆಯ ಬದಿಯಲ್ಲಿ. ಮೂರನೆಯವರು ಮೂಡಬಿದಿರೆಯ ಹೊರವಲಯದಲ್ಲಿರುವ ನನ್ನ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಎನ್ನುವುದು.

ಗೊಬ್ಬರ ತುಂಬಲು, ಅಡಿಕೆ ಬುಡಕ್ಕೆ ಮಣ್ಣು ಹಾಕಲು ಆಳು ಸಿಗದೆ ಸೋತಿದ್ದ ನಮಗೆ ಲೋಡರ್ ಬಂದದ್ದು ದೊಡ್ಡ ಉಪಕಾರವೇ ಆಯ್ತು. ಡೀಸೆಲ್ ಅವರವರದು, ರಿಪೇರಿ ಮೂರು ಪಾಲು ಅಂತ ಮಾತು.

ಎರಡು ವರ್ಷ ಕಳೆಯುವಾಗ ಬಕೆಟ್ಟಿನ ಅಂಚು ಸವೆದು ಗುಂಡಾಗಿತ್ತು. ಎರಡೂ ಮೂಲೆ ಮಾಯ! ಅಂಚಿನ ಪಟ್ಟಿಯನ್ನು ತಳದ ತಗಡಿಗೆ ಬೆಸೆದ ಗೆರೆ ನೆಲಕ್ಕೆ ತಾಗಲು ಸುರುವಾಗಿತ್ತು. ತಳವೇ ಹೋದರೆ ಬಕೆಟ್ ಹೋದ ಹಾಗೆ. "ಮುರಕಲ್ಲಿನ ಗುಡ್ಡೆ ಇರುವುದು ನಿಮ್ಮಲ್ಲಿ, ಸವೆಸಿದ್ದು ನೀವೇ" ಅಂತ ಭಾವ ಅಣ್ಣನಿಗೆ ಹೇಳಿಬಿಟ್ಟರು. ನಾನೂ ಹೌದೆಂದೆ. "ಹಾಗಾದರೆ ನನ್ನ ಪಾಲಿನ ಹಣ ಕೊಡಿ, ಗಾಡಿ ನೀವೇ ಇಟ್ಟುಕೊಳ್ಳಿ ಮಾರಾಯ್ರೇ" ಅಂತ ಅಣ್ಣ ಎದ್ದುಹೋದರು. ಮುಂದಿನ ಮನೆ ಕಾರ್ಯಕ್ಕೆ ಅವರು ಬಂದದ್ದು ಊಟದ ಹೊತ್ತಿಗೆ ಮಾತ್ರ.

ಒಂದು ಕಬ್ಬಿಣದ ಅಂಚು ಇಷ್ಟು ದೂರ ತಂದಿತಲ್ಲ ಅಂತ ನಾನು ಅದರ ಹಿಂದೆ ಬಿದ್ದೆ. ಕಲಿತದ್ದನ್ನು, ಕೈಸುಟ್ಟುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಯಾಕೆ ಸವೆಯುತ್ತದೆ?

ನಮ್ಮ ಮುರಕಲ್ಲಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಹೆಚ್ಚು. ಜತೆಗೆ ಬಿಳಿಕಲ್ಲಿನ, ಅಂದರೆ ಕ್ವಾರ್ಟ್ಸ್‌ನ ಹರಳುಗಳೂ ಇರುತ್ತವೆ. ಹೊಳೆಯ ಹೊಯಿಗೆಯಲ್ಲಿ, ಕಾಂಕ್ರೀಟಿನಲ್ಲಿ ಇರುವುದೂ ಹೆಚ್ಚಾಗಿ ಇದೇ ಹರಳು. ಗಡಸುತನದ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಕ್ವಾರ್ಟ್ಸ್‌ಗೆ 7. ಬಕೆಟ್ ಮಾಡುವ ಸಾದಾ ಮೈಲ್ಡ್ ಸ್ಟೀಲ್ 4ರಿಂದ 5ರೊಳಗೆ. ಗಟ್ಟಿ ವಸ್ತು ಮೆತ್ತಗಿನದನ್ನು ಗೀರುತ್ತದೆ, ಅಷ್ಟೆ.

ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ಪುಸ್ತಕ ಮಾಡಿದವನು. ಹೊಸದಾಗಿ ತೆಗೆಯುವಾಗ ಈ ಕಲ್ಲು ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದನ್ನು ಆತ ದಾಖಲಿಸಿದ್ದಾನೆ. ಕಲ್ಲು ಕಡಿಯುವವರಿಗೆ ಗೊತ್ತಿರುವ ವಿಷಯವೇ. ಲೋಡರಿಗೂ ಇದರಲ್ಲಿ ಪಾಠ ಉಂಟು. ಮಳೆ ಬಿಟ್ಟ ಮೇಲೆ ಅಕ್ಟೋಬರ್-ನವೆಂಬರಿನಲ್ಲಿ ಗುಡ್ಡೆ ತೇವ ಇರುವಾಗ ತೆಗೆಯುವ ಮಣ್ಣಿಗೂ, ಮಾರ್ಚಿನ ಬಿಸಿಲಿನಲ್ಲಿ ಕೆರೆಯುವ ಮಣ್ಣಿಗೂ ಅಜಗಜಾಂತರ.

ನನ್ನ ಮೊದಲ ತಪ್ಪು

ಸವೆದ ಅಂಚಿಗೆ ಲಾರಿಯ ಸ್ಪ್ರಿಂಗ್ ಪ್ಲೇಟ್ ಬೆಸೆದರೆ ಆಯುಷ್ಯಕ್ಕೂ ಸಾಕು ಅಂತ ನನ್ನ ಲೆಕ್ಕ. ನಮ್ಮ ಒಳ್ಳೆಯ ಕತ್ತಿಗಳನ್ನು ಕಮ್ಮಾರರು ಅದರಿಂದಲೇ ಮಾಡುವುದಲ್ಲವೇ? ಗುಜರಿ ಅಂಗಡಿಯಿಂದ ಎರಡು ಪ್ಲೇಟ್ ತಂದು ವೆಲ್ಡಿಂಗಿನವರಲ್ಲಿ ಕೊಟ್ಟೆ. ಅವರಿಗೆ ಮನಸ್ಸಿರಲಿಲ್ಲ. "ಇದು ನಿಲ್ಲುವ ಬೆಸುಗೆ ಅಲ್ಲ" ಅಂದರು. ನಾನೇ ಒತ್ತಾಯ ಮಾಡಿ ಸಾದಾ ರಾಡಿನಲ್ಲಿ ಬೆಸೆಯಿಸಿದೆ. ಬೇಗ ಮನೆಗೆ ಹೋಗಬೇಕು ಅಂತ ಮೇಲಿಂದ ನೀರೂ ಹೊಯ್ಯಿಸಿದೆ.

ಮೂರನೇ ವಾರ ಗೊಬ್ಬರದ ಗುಂಡಿಯ ಕಟ್ಟೆಗೆ ಅಂಚು ತಾಗಿತು. ಟಪ್ ಅಂತ ಶಬ್ದ. ಗೇಣುದ್ದದ ತುಂಡು ಹಾರಿ, ಹಾರೆ ಹಿಡಿದು ನಿಂತಿದ್ದ ಹುಡುಗನ ಮೊಣಕಾಲಿನ ಹತ್ತಿರದಿಂದ ಹೋಗಿ ತೆಂಗಿನ ಬುಡಕ್ಕೆ ಬಡಿಯಿತು. ಆ ದಿನ ಮತ್ತೆ ಕೆಲಸ ಮಾಡಲು ಕೈ ಬರಲಿಲ್ಲ.

ಕಾರಣ ಹೀಗೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಮೈಲ್ಡ್ ಸ್ಟೀಲಿನಲ್ಲಿ 0.2ರ ಆಸುಪಾಸು. ಇಂಗಾಲ ಹೆಚ್ಚಿರುವ ಉಕ್ಕನ್ನು ಕೆಂಪಗೆ ಕಾಯಿಸಿ ಬೇಗ ತಣಿಸಿದರೆ ಗಾಜಿನ ಹಾಗೆ ಆಗುತ್ತದೆ. ಗಟ್ಟಿ ಹೌದು, ಪೆಟ್ಟು ಬಿದ್ದರೆ ಒಡೆಯುತ್ತದೆ. ಕಮ್ಮಾರರು ಕತ್ತಿಗೆ ನೀರು ಕುಡಿಸಿದ ಮೇಲೆ ಸ್ವಲ್ಪ ಬಿಸಿ ಮಾಡಿ ಹದ ಇಳಿಸುವುದು ಇದಕ್ಕೇ. ನಮ್ಮ ಬೆಸುಗೆಯ ಬದಿಯಲ್ಲಿ ಉಕ್ಕು ಕಾದದ್ದೂ ಆಯ್ತು, ತಣಿದದ್ದೂ ಆಯ್ತು. ಹದ ಇಳಿಸಿದವರಿಲ್ಲ.

ಇಂಥ ಉಕ್ಕನ್ನು ಬೆಸೆಯಲೇಬೇಕಿದ್ದರೆ ಮೊದಲೇ ಚೆನ್ನಾಗಿ ಬಿಸಿ ಮಾಡಬೇಕು. ತೇವ ಹಿಡಿಯದ 7018 ಜಾತಿಯ ಲೋ-ಹೈಡ್ರೋಜನ್ ರಾಡು ಬೇಕು. ಬೆಸೆದ ಮೇಲೆ ಬೂದಿಯೊಳಗೋ ಒಣ ಹೊಯಿಗೆಯೊಳಗೋ ಮುಚ್ಚಿ ನಿಧಾನ ತಣಿಯಲು ಬಿಡಬೇಕು. ಐದಡಿಯ ಬಕೆಟ್ಟಿಗೆ ಇದೆಲ್ಲ ಮಾಡುವುದು ಊರಿನ ಅಂಗಡಿಯಲ್ಲಿ ಕಷ್ಟ. ಬಿಡುವುದೇ ಒಳ್ಳೆಯದು.

ಗುಳದ ಪಾಠ

ದಾರಿ ಹೊಳೆದದ್ದು ಅಟ್ಟದಲ್ಲಿದ್ದ ಹಳೆಯ ನೇಗಿಲು ನೋಡಿ. ಮರದ ನೇಗಿಲಿನ ತುದಿಗೆ ಕಬ್ಬಿಣದ ಗುಳ. ಗದ್ದೆಯಲ್ಲಿ ಸವೆಯುವುದು ಗುಳ. ಅದನ್ನು ತಟ್ಟಿಸುತ್ತಿದ್ದರು, ತೀರ ಹೋದರೆ ಬೇರೆ ಹಾಕುತ್ತಿದ್ದರು. ನೇಗಿಲು ಅದೇ ಇರುತ್ತಿತ್ತು. ಎತ್ತಿನ ಕಾಲಿಗೆ ಲಾಳ ಹೊಡೆಸುವುದೂ ಇದೇ ಉಪಾಯ. ಸವೆತವನ್ನು ನಿಲ್ಲಿಸಲು ನಮ್ಮ ಹಿರಿಯರು ಹೋಗಲಿಲ್ಲ. ಸವೆಯಲಿಕ್ಕೆಂದೇ ಒಂದು ತುಂಡು ಕೊಟ್ಟು, ಬೆಲೆಬಾಳುವುದನ್ನು ಉಳಿಸಿಕೊಂಡರು.

ಬಕೆಟ್ಟಿಗೂ ಹೀಗೆ ಬೋಲ್ಟ್ ಹಾಕಿ ಕಟ್ಟುವ ಅಂಚು ಇರುತ್ತದೆ. ದೊಡ್ಡ ಮಣ್ಣು ಯಂತ್ರಗಳಲ್ಲಿ ಇದು ಮಾಮೂಲು. ನಮ್ಮ ಸಣ್ಣ ಲೋಡರಿಗೆ 2019ರಲ್ಲಿ ನಾನು ಮಾಡಿಸಿದ್ದು ಹೀಗೆ:

ಮೊದಲು ಬಕೆಟ್ಟಿನ ಸ್ವಂತ ಅಂಚನ್ನು ಮೈಲ್ಡ್ ಸ್ಟೀಲಿನಿಂದಲೇ ತುಂಬಿ ನೇರ ಮಾಡಿಸಿದೆ. ಅದರ ಅಡಿಗೆ 1500 ಮಿ.ಮೀ. ಉದ್ದ, 150 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಪಟ್ಟಿ. ತೂಕ ಸುಮಾರು 21 ಕಿಲೋ. ಲೋಡರ್ ಎತ್ತುವ ಭಾರದಲ್ಲಿ ಅಷ್ಟು ಕಡಿಮೆಯಾಯ್ತು ಅಂತ ಲೆಕ್ಕ ಇಟ್ಟುಕೊಳ್ಳಬೇಕು.

ಪಟ್ಟಿಯ ಉದ್ದದ ಎರಡೂ ಬದಿಯನ್ನು ಓರೆಯಾಗಿ ಕೊಯ್ದದ್ದು. ಒಂದು ಬದಿ ಸವೆದರೆ ಬಿಚ್ಚಿ, ಹಿಂದು-ಮುಂದು ತಿರುಗಿಸಿ ಕಟ್ಟಬಹುದು. ಒಂದು ಪಟ್ಟಿಗೆ ಎರಡು ಆಯುಷ್ಯ.

16 ಮಿ.ಮೀ.ನ ಏಳು ಬೋಲ್ಟು. ತುದಿಯಿಂದ 75 ಮಿ.ಮೀ. ಬಿಟ್ಟು ಮೊದಲ ತೂತು, ಆಮೇಲೆ 225 ಮಿ.ಮೀ.ಗೊಂದು. ತೂತುಗಳು ಪಟ್ಟಿಯ ಅಗಲದ ನಟ್ಟನಡುವೆ ಇರಬೇಕು, ಎಡಬಲದ ಅಂತರವೂ ಸಮ ಇರಬೇಕು. ಇಲ್ಲವಾದರೆ ತಿರುಗಿಸಿದಾಗ ಹೊಂದುವುದಿಲ್ಲ. ನನ್ನ ಮೊದಲ ಪಟ್ಟಿಯಲ್ಲಿ ಎರಡು ತೂತು ಮೂರು ಮಿ.ಮೀ. ಆಚೀಚೆ ಆಗಿ ಅರ್ಧ ದಿನ ಅರ ಹಿಡಿದು ಉಜ್ಜಿದ್ದೇನೆ.

ಬೋಲ್ಟಿನ ತಲೆ ಪಟ್ಟಿಯೊಳಗೆ ಮುಳುಗಿ ನೆಲದ ಕಡೆಗೆ, ನಟ್ಟು ಬಕೆಟ್ಟಿನ ಒಳಗೆ. ಒಳಗಿನ ನಟ್ಟಿಗೆ ಗೊಬ್ಬರ ಸ್ವಲ್ಪ ಅಂಟುವುದುಂಟು. ಆದರೆ ನಟ್ಟು ಸವೆಯುವುದಿಲ್ಲ, ಬಿಚ್ಚಲು ಸುಲಭ. ಮಣ್ಣು ಯಂತ್ರಗಳ ಬಿಡಿಭಾಗದ ಅಂಗಡಿಯಲ್ಲಿ ಪ್ಲೋ ಬೋಲ್ಟ್ ಅಂತ ಕೇಳಿದರೆ ಚೌಕ ಕುತ್ತಿಗೆಯ ಬೋಲ್ಟ್ ಕೊಡುತ್ತಾರೆ. ಅದಕ್ಕೆ ಪಟ್ಟಿಯಲ್ಲಿ ಚೌಕ ತೂತು ಬೇಕು. ನಾನು ದುಂಡು ತೂತಿಗೆ ಹೊಂದುವ, ತಲೆ ಮುಳುಗುವ ಅಲೆನ್ ಬೋಲ್ಟ್ ಹಾಕಿದ್ದೇನೆ. ಕೀಲಿ ಹಾಕುವ ಗುಳಿಗೆ ಗ್ರೀಸ್ ತುಂಬಿಟ್ಟರೆ ಮಣ್ಣು ಕೂರುವುದಿಲ್ಲ.

ಕಟ್ಟಿದ ಮೇಲೆ ಪಟ್ಟಿ ಬಕೆಟ್ಟಿನ ಅಂಚಿನಿಂದ 40 ಮಿ.ಮೀ. ಮುಂದೆ ಚಾಚಿತ್ತು. ಇದು 15 ಮಿ.ಮೀ.ಗೆ ಇಳಿದಾಗ ತಿರುಗಿಸುವುದು ಅಂತ ನಿಯಮ. "ಇನ್ನೂ ನಾಲ್ಕು ದಿನ ಹೋಗಲಿ" ಅಂದರೆ ಮತ್ತೆ ಬಕೆಟ್ಟೇ ಸವೆಯಲು ಸುರು. ಮೊದಲ ಒಂದೆರಡು ಗಂಟೆ ಕೆಲಸ ಮಾಡಿ ಎಲ್ಲ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಸಡಿಲ ಬೋಲ್ಟು ತೂತನ್ನೇ ತಿನ್ನುತ್ತದೆ.

ಅಳತೆ ಪುಸ್ತಕ

ಮೊದಲ ಪಟ್ಟಿ ಬೇಕೆಂದೇ ಸಾದಾ ಮೈಲ್ಡ್ ಸ್ಟೀಲಿನದ್ದು ಹಾಕಿದೆ. ಸವೆತ ಬೇಗ ಕಾಣಲಿ ಅಂತ. ಒಂದು ನೋಟ್ ಪುಸ್ತಕವನ್ನು ಟ್ರಾಕ್ಟರಿನ ಟೂಲ್ ಪೆಟ್ಟಿಗೆಯಲ್ಲಿಟ್ಟು, ಗಾಡಿ ಒಂದು ಮನೆಯಿಂದ ಹೊರಡುವಾಗ ಎಡ, ನಡು, ಬಲ, ಮೂರು ಕಡೆ ಚಾಚಿದ ಉದ್ದ ಅಳೆದು ಬರೆಯುವುದು ಅಂತ ಮಾಡಿಕೊಂಡೆವು. ಎಷ್ಟು ಗಂಟೆ ಕೆಲಸ ಅಂತಲೂ ಬರೆಯಬೇಕು. ಅಣ್ಣನನ್ನು ಒಪ್ಪಿಸಲು ಭಾವ ಎರಡು ಸಲ ಮೂಡಬಿದಿರೆಗೆ ಹೋಗಿದ್ದರು.

ಒಂದು ಬೇಸಗೆಯಲ್ಲಿ ತಲಾ 20 ಗಂಟೆ ಕೆಲಸಕ್ಕೆ ಸಿಕ್ಕಿದ ಲೆಕ್ಕ: ಭಾವನ ಹೊಳೆಬದಿಯ ಮಣ್ಣಿನಲ್ಲಿ ಸರಾಸರಿ 2 ಮಿ.ಮೀ. ಅಣ್ಣನ ಮುರಕಲ್ಲಿನ ಗುಡ್ಡೆಯಲ್ಲಿ ನಡುವೆ 3, ಮೂಲೆಗಳಲ್ಲಿ 5. ನನ್ನ ಹಟ್ಟಿಯ ಕಾಂಕ್ರೀಟ್ ಅಂಗಳದಲ್ಲಿ 6!

ಪುಸ್ತಕ ನೋಡಿ ನನಗೆ ಮಾತು ಹೊರಡಲಿಲ್ಲ. ಎರಡು ವರ್ಷ ಅಣ್ಣನ ಗುಡ್ಡೆಯನ್ನು ದೂರಿದ್ದು ನಾವು, ಹೆಚ್ಚು ಸವೆಸಿದ್ದು ನಾನು. ಸೆಗಣಿ ಸ್ವಚ್ಛ ಬರಲಿ ಅಂತ ಬಕೆಟ್ಟಿನ ಮೂತಿ ತಗ್ಗಿಸಿ, ಹೈಡ್ರಾಲಿಕ್‌ನಲ್ಲಿ ಒತ್ತಿ ಕೆರೆಯುತ್ತಿದ್ದೆ. ಅಂದರೆ ಅಂಚನ್ನು ಸಾಣೆಕಲ್ಲಿಗೆ ಹಿಡಿದ ಹಾಗೆಯೇ. ಮರುದಿನ ಮೂಡಬಿದಿರೆಗೆ ಹೋಗಿ ಪುಸ್ತಕ ಅಣ್ಣನ ಮುಂದಿಟ್ಟೆ. ಅವರು ಕನ್ನಡಕ ಹಾಕಿ ಎಲ್ಲ ಓದಿ, "ಕಾಫಿ ಕುಡೀತೀಯಾ?" ಅಂದರು. ಅಲ್ಲಿಗೆ ಮುಗಿಯಿತು.

ಓಡಿಸುವಾಗ ಉಳಿಸುವುದು

- ಬಕೆಟ್ಟಿನ ತಳ ನೆಲಕ್ಕೆ ಸಮಾಂತರ ಇರಲಿ. ಮೂತಿ ತಗ್ಗಿಸಿ ಒತ್ತಬೇಡಿ.
- ಫ್ಲೋಟ್ ಸ್ಥಾನ ಇದ್ದರೆ ಸಮತಟ್ಟು ಮಾಡುವಾಗ, ಅಂಗಳ ಬಳಿಯುವಾಗ ಅದನ್ನೇ ಬಳಸಿ. ಬಕೆಟ್ಟಿನ ಭಾರ ಮಾತ್ರ ನೆಲಕ್ಕೆ ಬೀಳುತ್ತದೆ.
- ಲೋಡರ್ ತುಂಬುವ ಯಂತ್ರ, ಅಗೆಯುವ ಯಂತ್ರ ಅಲ್ಲ. ಗಟ್ಟಿ ಗುಡ್ಡೆಯನ್ನು ಮೊದಲು ಪಿಕ್ಕಾಸಿನಲ್ಲೋ ಟ್ರಾಕ್ಟರಿನ ಹಿಂದಿನ ಕಲ್ಟಿವೇಟರಿನಲ್ಲೋ ಸಡಿಲಿಸಿ, ಆಮೇಲೆ ತುಂಬಿ. ಪಾದೆಕಲ್ಲಿಗೆ ನುಗ್ಗಬೇಡಿ.
- ಕಾಂಕ್ರೀಟ್ ಅಂಗಳದ ಸೆಗಣಿಗೆ ಉಕ್ಕೇ ಬೇಡ. ನಾನೀಗ ಅದೇ ಬೋಲ್ಟ್ ತೂತುಗಳಿಗೆ ಹಳೆಯ ಟಯರಿನ ದಪ್ಪ ಪಟ್ಟಿಯನ್ನು ಕಬ್ಬಿಣದ ಚಪ್ಪಟೆ ಪಟ್ಟಿಯ ಒತ್ತು ಕೊಟ್ಟು ಕಟ್ಟುತ್ತೇನೆ. ಅಂಗಳವೂ ಗೀರುವುದಿಲ್ಲ.

ಗಟ್ಟಿ ಪಟ್ಟಿ, ಗಟ್ಟಿ ರಾಡು

2021ರಲ್ಲಿ ಸವೆತ ತಡೆಯುವ ಗಡಸು ಪ್ಲೇಟಿನ ಪಟ್ಟಿ ಹಾಕಿದೆವು. ಬ್ರಿನೆಲ್ ಮಾಪನದಲ್ಲಿ ಇದರ ಗಡಸುತನ 400ರಷ್ಟು. ಮೈಲ್ಡ್ ಸ್ಟೀಲಿನದ್ದು 120ರಿಂದ 150. ಬೆಲೆ ಹೆಚ್ಚು. ಗ್ಯಾಸಿನಲ್ಲಿ ಕೊಯ್ದರೆ ಕೊಯ್ದ ಬದಿಯ ಗಡಸು ಇಳಿಯುತ್ತದೆ. ಹಾಗಾಗಿ ಅಳತೆಗೆ ಕೊಯ್ದು, ತೂತು ಹಾಕಿಯೇ ತರಿಸಿಕೊಳ್ಳುವುದು ಲೇಸು. ಮನೆಯ ಡ್ರಿಲ್ಲಿನಲ್ಲಿ ಆಗುವ ಕೆಲಸ ಅಲ್ಲ. ನಮ್ಮದನ್ನು ಒಮ್ಮೆ ತಿರುಗಿಸಿದ್ದೇವೆ, ಇನ್ನೂ ಓಡುತ್ತಿದೆ.

ಅಣ್ಣನಲ್ಲಿ ಮೂಲೆಗಳು ಹೆಚ್ಚು ಸವೆಯುವ ಕಾರಣ, ಸಾದಾ ಪಟ್ಟಿ ಇದ್ದಾಗ ಅದರ ಅಡಿಬದಿಗೆ ಹಾರ್ಡ್‌ಫೇಸಿಂಗ್ ರಾಡಿನಿಂದ ಗೆರೆ ಎಳೆಯಿಸಿದ್ದೆವು. ಒಂದೇ ಮುಖಕ್ಕೆ ಹಾಕಿದರೆ ಮೇಲಿನ ಮೆತ್ತನೆ ಉಕ್ಕು ಬೇಗ ಸವೆದು ಅಂಚು ತಾನೇ ಹರಿತ ಇರುತ್ತದೆ. ಈ ಬೆಸುಗೆಯಲ್ಲಿ ಕೂದಲೆಳೆಯಂಥ ಅಡ್ಡ ಬಿರುಕು ಕಾಣುವುದು ಸಾಮಾನ್ಯ, ಹೆದರಬೇಕಾಗಿಲ್ಲ. ಆದರೆ ಪದರದ ಮೇಲೆ ಪದರ ಏರಿಸಿದರೆ ಎದ್ದು ಬರುತ್ತದೆ. ಒಂದೆರಡು ಪದರ ಸಾಕು. ಹಾಕುವುದು ಬಿಚ್ಚುವ ಪಟ್ಟಿಗೆ, ಬಕೆಟ್ಟಿಗಲ್ಲ.

ಮಳೆಗಾಲದ ಶತ್ರು

ನಮ್ಮಲ್ಲಿ ನಾಲ್ಕು ತಿಂಗಳು ಬಕೆಟ್ ಸುಮ್ಮನೆ ಕೂರುತ್ತದೆ. ಸೆಗಣಿ, ಗಂಜಲ ಅಂಟಿದ ಹಾಗೆ ಬಿಟ್ಟರೆ ತುಕ್ಕು ಪದರಪದರವಾಗಿ ಏಳುತ್ತದೆ. ಮುಂದಿನ ಬೇಸಗೆಯ ಮೊದಲ ದಿನವೇ ಆ ಪದರ ಉದುರಿ ಹೋಗುತ್ತದೆ, ಅದೂ ಸವೆತವೇ. ಮೇ ಕೊನೆಗೆ ತೊಳೆದು ಒಣಗಿಸಿ, ಪಟ್ಟಿ ಬಿಚ್ಚಿ, ಎರಡರ ನಡುವೆ ಗ್ರೀಸ್ ಹಚ್ಚಿ ಪುನಃ ಕಟ್ಟಿ. ಮಾಡಿನ ಅಡಿಯಲ್ಲಿ ಎರಡು ಹಲಗೆಯ ಮೇಲೆ ಇಳಿಸಿಡಿ, ಮಣ್ಣಿಗೆ ತಾಗಿಸಬೇಡಿ.

ಎಚ್ಚರ!

ಎತ್ತಿದ ಬಕೆಟ್ಟಿನ ಅಡಿಗೆ ತಲೆ ಹಾಕಬೇಡಿ. ಹೈಡ್ರಾಲಿಕ್ ಪೈಪು ಯಾವಾಗ ಒಡೆಯುತ್ತದೆ ಅಂತ ಹೇಳಿ ಬರುವುದಿಲ್ಲ. ಗಟ್ಟಿ ಮರದ ದಿಮ್ಮಿಯ ಮೇಲೆ ಕೂರಿಸಿಯೇ ಬೋಲ್ಟಿಗೆ ಕೈ ಹಾಕಿ. ಟ್ರಾಕ್ಟರಿನಲ್ಲಿದ್ದ ಹಾಗೆಯೇ ಬಕೆಟ್ ಬೆಸೆಯುವುದಿದ್ದರೆ ಬ್ಯಾಟರಿಯ ವಯರ್ ಬಿಚ್ಚಿ, ಆಲ್ಟರ್ನೇಟರಿನದ್ದೂ ಬಿಚ್ಚಿ. ವೆಲ್ಡಿಂಗಿನ ಅರ್ಥ್ ಕ್ಲಾಂಪ್ ಬಕೆಟ್ಟಿಗೇ, ಬೆಸೆಯುವ ಜಾಗದ ಹತ್ತಿರ ಹಾಕಿ. ದೂರ ಹಾಕಿದರೆ ಕರೆಂಟು ಪಿನ್ನು-ಬುಷ್ಷುಗಳ ಮೂಲಕ ಹೋಗಿ ಅವನ್ನು ಹಾಳು ಮಾಡಬಹುದು.

ಗಾಡಿ ಈಗಲೂ ಮೂರು ಮನೆಯದ್ದೇ. ನೋಟ್ ಪುಸ್ತಕ ಎರಡನೆಯದು ನಡೆಯುತ್ತಿದೆ, ಪಟ್ಟಿಯ ಖರ್ಚನ್ನು ಅದರ ಲೆಕ್ಕದಂತೆ ಹಂಚಿಕೊಳ್ಳುತ್ತೇವೆ. ಕಾಂಕ್ರೀಟಿಗೆ ಟಯರ್ ಬಂದ ಮೇಲೆ ಅದರಲ್ಲಿ ನನ್ನ ಪಾಲೇ ಎಲ್ಲರಿಗಿಂತ ಕಡಿಮೆ. ಅಂಚನ್ನು ಬೇರೆ ರೀತಿಯಲ್ಲಿ ಉಳಿಸಿಕೊಂಡವರು ಇದ್ದರೆ ದಯವಿಟ್ಟು ಬರೆಯಿರಿ. ಬೆಸೆಯುವ ಮೊದಲೇ ಓದುವ ಬುದ್ಧಿ ಈಗ ನನಗೆ ಬಂದಿದೆ.