ಮನೆತನದ ರೋಗವೋ, ಮನೆಯ ರೂಢಿಯೋ?

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಶರೀರಶಾಸ್ತ್ರದ ಪಾಠವನ್ನು ಮುಗಿಸಿ ನಾವು ಹೊರಡುತ್ತಿರುವಾಗ ಒಬ್ಬ ಹುಡುಗಿಯು ಮೆಲ್ಲಗೆ ಹತ್ತಿರ ಬಂದು, “ಟೀಚರ್, ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ತಾಯಿಗೂ ಇದೆ. ನನಗೆ ಅದು ಎಷ್ಟನೆಯ ವಯಸ್ಸಿನಲ್ಲಿ ಬರುವುದು?” ಎಂದು ಕೇಳಿದಳು. ಬರುವುದೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ಯಾವಾಗ ಎಂದು ಮಾತ್ರ ಕೇಳಿದಳು. ಅವಳ ಅಜ್ಜಿಯೂ ತಾಯಿಯೂ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಓದಿದವರು. ಅಜ್ಜಿಯವರು ಮಾಯದ ಹುಣ್ಣಿನಿಂದ ಕಾಲಿನ ಒಂದು ಬೆರಳನ್ನು ಕಳೆದುಕೊಂಡಿದ್ದಾರೆ. ತಾಯಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ರೋಗವು ಗೊತ್ತಾಯಿತು. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ನಾವು ಧೈರ್ಯದ ಎರಡು ಮಾತುಗಳನ್ನು ಹೇಳಿ ಅವಳನ್ನು ಕಳುಹಿಸಿದೆವು. ಆದರೆ ಆ ಪ್ರಶ್ನೆಗೆ ತಕ್ಕ ಉತ್ತರವನ್ನು ನಾವು ಕೊಟ್ಟಿರಲಿಲ್ಲ. ಇಂಥ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳದೆ ಉಳಿದವರು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯ್ತಂದೆಗಳಲ್ಲಿಯೂ ಅನೇಕರಿರಬಹುದು. ಆದಕಾರಣ ಆ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ನಾವು ಉಣ್ಣುವ ಅನ್ನ, ರಾಗಿ, ಗೋದಿ, ಬೆಲ್ಲ ಇವೆಲ್ಲವೂ ಬಹುಮಟ್ಟಿಗೆ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯು ರಕ್ತದಿಂದ ಮಾಂಸಖಂಡಗಳೊಳಕ್ಕೆ ಹೋಗಬೇಕಾದರೆ ಇನ್‌ಸುಲಿನ್ ಎಂಬ ರಸವು ಬೇಕು. ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇದನ್ನು ಸ್ರವಿಸುವುದು. ಹೊಟ್ಟೆಯೊಳಗೂ ಯಕೃತ್ತಿನಲ್ಲಿಯೂ ಕೊಬ್ಬು ಶೇಖರವಾಗಿ, ಮಾಂಸಖಂಡಗಳು ದುಡಿಯದೆ ಸುಮ್ಮನಿದ್ದರೆ, ಇನ್‌ಸುಲಿನ್ನಿನ ಕೆಲಸವು ಸರಾಗವಾಗಿ ನಡೆಯದು. ಆಗ ಗ್ರಂಥಿಯು ಮತ್ತಷ್ಟು ರಸವನ್ನು ಸುರಿಸುವುದು. ಹೀಗೆ ಅನೇಕ ವರ್ಷ ದುಡಿದು ಕೊನೆಗೆ ಬಳಲುವುದು. ರಕ್ತದಲ್ಲಿ ಮಿಕ್ಕುನಿಂತ ಸಕ್ಕರೆಯು ಕಣ್ಣು, ಮೂತ್ರಪಿಂಡ, ನರ, ಹೃದಯ, ಪಾದ ಇವುಗಳನ್ನು ಸದ್ದಿಲ್ಲದೆ ಕೆಡಿಸುತ್ತ ಬರುವುದು. ಆರಂಭದಲ್ಲಿ ನೋವಿಲ್ಲದಿರುವುದೇ ಈ ರೋಗದ ದೊಡ್ಡ ಮೋಸ.

ಮಧುಮೇಹವು ನಮ್ಮ ದೇಶಕ್ಕೆ ಹೊಸದಲ್ಲ. ರೋಗಿಯ ಮೂತ್ರವು ಸಿಹಿಯಾಗಿ ಇರುವೆಗಳು ಮುತ್ತುವುದನ್ನು ಪ್ರಾಚೀನ ವೈದ್ಯರು ಗಮನಿಸಿದ್ದರು. ಹುಟ್ಟಿನಿಂದ ಬಂದದ್ದು ಒಂದು ಬಗೆ, ಆಹಾರವಿಹಾರಗಳ ದೋಷದಿಂದ ಬಂದದ್ದು ಮತ್ತೊಂದು ಬಗೆ ಎಂದು ಸುಶ್ರುತನ ಗ್ರಂಥವು ಆಗಲೇ ವಿಂಗಡಿಸಿತ್ತು. ಇಂದಿನ ಶಾಸ್ತ್ರವೂ ಮುಖ್ಯವಾಗಿ ಎರಡು ಬಗೆಗಳನ್ನು ಹೇಳುತ್ತದೆ. ಮೊದಲನೆಯದರಲ್ಲಿ ಇನ್‌ಸುಲಿನ್ ಸ್ರವಿಸುವ ಕಣಗಳೇ ನಾಶವಾಗುತ್ತವೆ. ಇದು ಹೆಚ್ಚಾಗಿ ಮಕ್ಕಳಿಗೂ ಎಳೆಯರಿಗೂ ತಗಲುವುದು. ತಾಯಿಯು ಸಿಹಿ ತಿನ್ನಿಸಿದ್ದರಿಂದ ಇದು ಬಂದಿತೆಂದು ದೂಷಿಸುವುದು ಅಜ್ಞಾನ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್‌ಸುಲಿನ್ನನ್ನು ಬೇರ್ಪಡಿಸಿದರು. 1922ನೆಯ ಜನವರಿಯಲ್ಲಿ ಅದನ್ನು ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲಬಾರಿ ಚುಚ್ಚಿದರು. ಅಲ್ಲಿಯ ತನಕ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಇಂದು ಅವರು ಓದಿ, ಆಡಿ, ದುಡಿದು ಬಾಳುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಎರಡನೆಯ ಬಗೆಯ ವಿಷಯ. ರೋಗಿಗಳಲ್ಲಿ ಬಹುಪಾಲು ಜನರಿಗಿರುವುದು ಇದೇ. 2023ರಲ್ಲಿ ಪ್ರಕಟವಾದ ಅಖಿಲ ಭಾರತದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ.

ಈ ರೋಗವು ಒಂದೇ ಮನೆಯಲ್ಲಿ ತಲೆಯಿಂದ ತಲೆಗೆ ಇಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಹಿರಿಯರಿಂದ ಕಿರಿಯರಿಗೆ ಬರುವ ಸೊತ್ತು ಇಲ್ಲಿ ಮೂರು ವಿಧವಾದುದು. ಮೊದಲನೆಯದು ರಕ್ತದ ಸೊತ್ತು. ತಾಯಿಗಾಗಲಿ ತಂದೆಗಾಗಲಿ ರೋಗವಿದ್ದರೆ ಮಕ್ಕಳಿಗೆ ಬರುವ ಸಂಭವವು ಇತರರಿಗಿಂತ ಹೆಚ್ಚು. ಇಬ್ಬರಿಗೂ ಇದ್ದರೆ ಮತ್ತಷ್ಟು ಹೆಚ್ಚು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಸಂಭವವೆಂದರೆ ವಿಧಿಯಲ್ಲ.

ಎರಡನೆಯದು ಗರ್ಭದ ಸೊತ್ತು. ಇದನ್ನು ಲೋಕಕ್ಕೆ ತಿಳಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಅಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಮಿಷನ್ ಆಸ್ಪತ್ರೆಯೆಂದೇ ಜನರು ಕರೆಯುತ್ತ ಬಂದರು. 1934ರಿಂದ ಅಲ್ಲಿಯ ದಾದಿಯರು ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಆ ಬರಹದಿಂದ ಏನು ಫಲವಾಗುವುದೆಂದು ಅವರು ಅರಿತಿರಲಿಕ್ಕಿಲ್ಲ. ಅರ್ಧ ಶತಮಾನ ಕಳೆದ ಮೇಲೆ ವೈದ್ಯರು ಆ ಪುಸ್ತಕಗಳನ್ನು ಹಿಡಿದು, ಅಂದು ಮಗುವಾಗಿದ್ದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿ ಹುಟ್ಟಿದವರಲ್ಲಿಯೂ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿಯೂ ಮಧುಮೇಹವು ಹೆಚ್ಚೆಂದು 1998ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ 1997ರಿಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಅವರ ಮಕ್ಕಳನ್ನು ವರ್ಷವರ್ಷವೂ ನೋಡುತ್ತ ಬಂದಾಗ, ಒಂಬತ್ತು ಹತ್ತು ವರ್ಷದ ಪ್ರಾಯದಲ್ಲಿಯೇ ಅವರ ದೇಹದಲ್ಲಿ ಇನ್‌ಸುಲಿನ್ನಿನ ಕೆಲಸಕ್ಕೆ ಅಡ್ಡಿಯು ಇತರ ಮಕ್ಕಳಿಗಿಂತ ಹೆಚ್ಚಾಗಿ ಕಂಡಿತು. ಇದರ ಅರ್ಥವೇನು? ಮಗಳ ಆರೋಗ್ಯವು ಅವಳದು ಮಾತ್ರವಲ್ಲ; ಅವಳು ಮುಂದೆ ಹೆರುವ ಮಗುವಿನದೂ ಹೌದು.

ಮೂರನೆಯದು ರೂಢಿಯ ಸೊತ್ತು. ನಮ್ಮ ಅಜ್ಜಿಯರ ಕಾಲದಲ್ಲಿ ಅನ್ನವನ್ನೂ ಮುದ್ದೆಯನ್ನೂ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಹಬ್ಬಕ್ಕೆ ಹೋಳಿಗೆಯನ್ನೂ ತಿನ್ನುತ್ತಿದ್ದರು. ಆದರೆ ಕುಟ್ಟುವುದು, ಬೀಸುವುದು, ನೀರು ಸೇದುವುದು, ಗದ್ದೆಗೆ ನಡೆಯುವುದು ಆ ಊಟವನ್ನು ಕರಗಿಸುತ್ತಿದ್ದವು. ನಾವು ಅಜ್ಜಿಯ ಊಟವನ್ನು ಉಳಿಸಿಕೊಂಡು ಅಜ್ಜಿಯ ದುಡಿಮೆಯನ್ನು ಕೈಬಿಟ್ಟೆವು. ಹಬ್ಬದ ಸಿಹಿಯು ನಿತ್ಯದ ಸಿಹಿಯಾಯಿತು. ಪಾಲಿಷ್ ಮಾಡಿದ ಬಿಳಿಯ ಅಕ್ಕಿಯು ಮರ್ಯಾದೆಯ ಗುರುತಾಯಿತು. ಸಕ್ಕರೆ ಹಾಕಿದ ಕಾಫಿಯು ದಿನಕ್ಕೆ ನಾಲ್ಕಾಯಿತು. ಬೀಸುವ ಕಲ್ಲನ್ನು ಮರಳಿ ತರಬೇಕೆಂದು ಹೇಳುವವರು ನಾವಲ್ಲ. ಆ ಕಲ್ಲಿನಿಂದ ಬಿಡುಗಡೆಯಾದ ಹೊತ್ತಿನಲ್ಲಿಯೇ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನು ಹತ್ತಿದರು. ಆದರೆ ದೇಹಕ್ಕೆ ಆ ಶ್ರಮದ ಬದಲು ಬೇರೊಂದನ್ನು ನಾವು ಕೊಡಲಿಲ್ಲ. ಇನ್ನೊಂದು ರೂಢಿಯನ್ನೂ ಹೇಳಲೇಬೇಕು. ಮನೆಯವರೆಲ್ಲರಿಗೂ ಬಡಿಸಿ, ರಾತ್ರಿ ಬಹಳ ಹೊತ್ತಾದ ಮೇಲೆ, ಪಾತ್ರೆಯಲ್ಲಿ ಮಿಕ್ಕ ಅನ್ನವು ಹಾಳಾಗಬಾರದೆಂದು ತಾಯಿಯು ಅದನ್ನೇ ಉಂಡು ಮಲಗುವಳು. ಪಲ್ಯವು ಅಷ್ಟರಲ್ಲಿ ಮುಗಿದಿರುವುದು. ಇದನ್ನು ತ್ಯಾಗವೆಂದು ಹೊಗಳುತ್ತ ನಾವು ತಾಯಂದಿರನ್ನು ರೋಗಕ್ಕೆ ಒಪ್ಪಿಸುತ್ತಿದ್ದೇವೆ.

ಈ ಮೂರರಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು? ಶಾಲೆಯವರಿಗೆ ಅಂಕಗಳ ಭಾಷೆಯು ಬೇಗ ತಿಳಿಯುವುದು. ಚೆನ್ನೈ ನಗರದ ಡಾಕ್ಟರ್ ಮೋಹನ್ ಅವರೂ ಅವರ ಸಹೋದ್ಯೋಗಿಗಳೂ 2005ರಲ್ಲಿ ಭಾರತೀಯರಿಗೆಂದೇ ಒಂದು ಅಪಾಯದ ಅಂಕಪಟ್ಟಿಯನ್ನು ಪ್ರಕಟಿಸಿದರು. ಇದರಲ್ಲಿ ಒಟ್ಟು ಅಂಕಗಳು 100. ಆದರೆ ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರೇ ಜಾಣರು. ವಯಸ್ಸು 35 ತುಂಬದಿದ್ದರೆ ಸೊನ್ನೆ, 35ರಿಂದ 49ರ ವರೆಗೆ 20, 50 ತುಂಬಿದರೆ 30. ಸ್ತ್ರೀಯರ ಸೊಂಟದ ಸುತ್ತಳತೆಯು 80 ಸೆಂಟಿಮೀಟರಿಗೆ ಕಡಿಮೆಯಿದ್ದರೆ ಸೊನ್ನೆ, 80ರಿಂದ 89ರ ವರೆಗೆ 10, 90 ಮುಟ್ಟಿದರೆ 20. ಪುರುಷರಿಗೆ ಈ ಅಳತೆಗಳು ಹತ್ತು ಹತ್ತು ಸೆಂಟಿಮೀಟರು ಹೆಚ್ಚು. ವ್ಯಾಯಾಮವೂ ಇಲ್ಲದೆ, ಕುಳಿತೇ ಮಾಡುವ ಕೆಲಸದವರಿಗೆ 30. ತಾಯ್ತಂದೆಗಳಲ್ಲಿ ಒಬ್ಬರಿಗೆ ರೋಗವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಆದವರು ಹೆಚ್ಚಿನ ಅಪಾಯದಲ್ಲಿರುವವರು. ಅವರು ತಡಮಾಡದೆ ರಕ್ತವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಈ ಪಟ್ಟಿಯು ಯಾರಿಗೆ ರೋಗವಿರಬಹುದೆಂದು ಊಹಿಸುವ ಸಾಧನವೇ ಹೊರತು ರೋಗಕಾರಣಗಳನ್ನು ತೂಗುವ ತಕ್ಕಡಿಯಲ್ಲ. ಆದಾಗ್ಯೂ ಅದನ್ನು ಸಾವಧಾನದಿಂದ ನೋಡಿರಿ. ತಾಯ್ತಂದೆಗಳಿಂದ ಬರುವುದು ಹೆಚ್ಚೆಂದರೆ 20, ವಯಸ್ಸಿನಿಂದ 30. ಉಳಿದ 50 ಅಂಕಗಳು ಸೊಂಟಕ್ಕೂ ಶ್ರಮಕ್ಕೂ ಸೇರಿದವು. ಅವು ಯಾರೂ ನಮಗೆ ಉಯಿಲು ಬರೆದಿಟ್ಟವುಗಳಲ್ಲ.

ರೂಢಿಯನ್ನು ಬದಲಾಯಿಸಿದರೆ ನಿಜವಾಗಿ ಫಲವುಂಟೋ ಎಂದು ಕೇಳುವವರಿಗೆ ಚೆನ್ನೈ ನಗರದ ಡಾಕ್ಟರ್ ರಾಮಚಂದ್ರನ್ ಅವರ ತಂಡವು 2006ರಲ್ಲಿ ಉತ್ತರ ಕೊಟ್ಟಿದೆ. ರೋಗದ ಹೊಸ್ತಿಲಲ್ಲಿದ್ದ 531 ಜನರನ್ನು ಅವರು ಮೂರು ವರ್ಷಗಳ ಕಾಲ ಗಮನಿಸಿದರು. ಸಾಧಾರಣ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹವಾಯಿತು; ನಡಿಗೆಯನ್ನೂ ಊಟದ ಹಿತವನ್ನೂ ಒತ್ತಿಹೇಳಿ ನಡೆಸಿದವರಲ್ಲಿ 39 ಮಂದಿಗೆ ಮಾತ್ರ ಆಯಿತು. ಎಲ್ಲರೂ ಪಾರಾಗಲಿಲ್ಲವೆಂಬುದನ್ನು ನಾವು ಮರೆಮಾಡುವುದಿಲ್ಲ. ಆದುದರಿಂದ ರೋಗವು ಬಂದವರನ್ನು ಬಾಯಿಚಪಲದವರೆಂದೂ ಸೋಮಾರಿಗಳೆಂದೂ ಹಳಿಯುವುದು ಅನ್ಯಾಯ. ಆದರೆ ನೂರು ಮನೆಗಳಲ್ಲಿ ಹದಿನಾರು ಮನೆಗಳಿಗೆ ಈ ಸಂಕಟವು ಆ ಮೂರು ವರ್ಷ ತಪ್ಪಿದ್ದು ಸಣ್ಣ ಮಾತೇ?

ಹಾಗಾದರೆ ಮನೆಗಳಲ್ಲಿ ಮಾಡತಕ್ಕದ್ದೇನು? ತಟ್ಟೆಯ ಅರ್ಧವನ್ನು ತರಕಾರಿ ಸೊಪ್ಪುಗಳಿಗೆ ಬಿಡಿರಿ. ಕಾಲುಭಾಗವು ಬೇಳೆ, ಹುರುಳಿ, ಅವರೆ, ಮೊಟ್ಟೆ ಅಥವಾ ಮೀನಿಗೆ. ಉಳಿದ ಕಾಲುಭಾಗವು ಅನ್ನಕ್ಕೋ ಮುದ್ದೆಗೋ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಇವೆ. ಆದರೆ ಅದು ಔಷಧವೆಂದು ನಂಬಿ ಎರಡು ಮುದ್ದೆ ಉಣ್ಣುವುದು ತಪ್ಪು. ಹಣ್ಣನ್ನು ಹಿಂಡಿ ಕುಡಿಯುವುದಕ್ಕಿಂತ ಹಣ್ಣನ್ನೇ ತಿನ್ನುವುದು ಲೇಸು. ವಾರಕ್ಕೆ 150 ನಿಮಿಷಗಳಷ್ಟಾದರೂ ಬಿರುಸಾಗಿ ನಡೆಯಿರಿ. ದುಡಿಯುವ ಮಾಂಸಖಂಡವು ಇನ್‌ಸುಲಿನ್ನಿಗಾಗಿ ಹೆಚ್ಚು ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುವುದು. ಮನೆಯವರೆಲ್ಲರೂ ಒಂದೇ ಹೊತ್ತಿಗೆ, ತಾಯಿಯನ್ನೂ ಕೂರಿಸಿಕೊಂಡು, ಬೇಗನೆ ಊಟಮಾಡಿರಿ. ಮೂವತ್ತು ತುಂಬಿದವರು ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಿರಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆಯು ನೂರು ಮಿಲಿಲೀಟರು ರಕ್ತಕ್ಕೆ 126 ಮಿಲಿಗ್ರಾಮಾಗಲಿ ಅದಕ್ಕೆ ಮೇಲಾಗಲಿ ಇದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಅದು ಮಧುಮೇಹ. 100ರಿಂದ 125ರ ವರೆಗೆ ಇದ್ದರೆ ಅದು ಹೊಸ್ತಿಲು. ಹೊಸ್ತಿಲಿನಿಂದ ಹಿಂದಿರುಗಿದವರುಂಟು. ಗರ್ಭಿಣಿಯರಿಗೆ ಈ ಪರೀಕ್ಷೆಯು ತಪ್ಪಲೇಬಾರದು. ಗರ್ಭಕಾಲದಲ್ಲಿ ಸಕ್ಕರೆ ಕಂಡು ಹೆರಿಗೆಯ ತರುವಾಯ ಮರೆಯಾದವರಿಗೆ ಮುಂದೆ ರೋಗವು ಬರುವ ಸಂಭವವು ಅನೇಕ ಪಟ್ಟು ಹೆಚ್ಚು. ಅವರು ಆಗಾಗ್ಗೆ ಪರೀಕ್ಷಿಸಿಕೊಳ್ಳುತ್ತಿರಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮನೆಯ ರೋಗವನ್ನು ಮರೆಮಾಚುವವರಿಗೆ ಒಂದು ವಿಜ್ಞಾಪನೆ: ನೀವು ಮುಚ್ಚಿಡುವುದು ಬೀಗರಿಂದ ಮಾತ್ರವಲ್ಲ, ನಿಮ್ಮ ಮಗಳಿಂದಲೂ ಹೌದು.

ಇತರರಿಗೆ ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹತ್ತನೆಯ ತರಗತಿಯವರ ಆಟದ ಅವಧಿಗಳನ್ನು ಪರೀಕ್ಷೆಯ ನೆಪದಿಂದ ಗಣಿತಕ್ಕೂ ವಿಜ್ಞಾನಕ್ಕೂ ಕೊಟ್ಟವರು ನಾವೇ. ಹುಡುಗಿಯು ಬಿಸಿಲಿನಲ್ಲಿ ಕಪ್ಪಾಗುವಳು, ಓಡಿದರೆ ದಣಿಯುವಳು ಎಂದು ತಾಯ್ತಂದೆಗಳು ಕಳುಹಿಸಿದ ಚೀಟಿಗಳಿಗೆ ಪ್ರಶ್ನೆಯಿಲ್ಲದೆ ರುಜು ಹಾಕಿದವರೂ ನಾವೇ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಓಟ ಆಟಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಾಗ, ಅಂಕಗಳಿಗಾಗಿ ನಾವು ಅವರನ್ನು ಬೆಂಚಿಗೆ ಕಟ್ಟಿಹಾಕಿದೆವು. ಈ ವರ್ಷದಿಂದ ಆ ಅವಧಿಗಳನ್ನು ಹಿಂದಕ್ಕೆ ಕೊಟ್ಟಿದ್ದೇವೆ. ವೈದ್ಯರ ಮಾತಿಲ್ಲದ ಚೀಟಿಗಳನ್ನು ಇನ್ನು ಸ್ವೀಕರಿಸುವುದಿಲ್ಲ. ಇದಕ್ಕೆ ತಾಯ್ತಂದೆಗಳ ಸಹಕಾರವನ್ನು ಬೇಡುತ್ತೇವೆ.

ಆ ಹುಡುಗಿಯು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಮೊನ್ನೆ ಅವಳನ್ನು ಕರೆದು, ಉಳಿಸಿಕೊಂಡಿದ್ದ ಉತ್ತರವನ್ನು ಕೊಟ್ಟೆವು: “ಯಾವ ವಯಸ್ಸಿನಲ್ಲೆಂದು ಯಾರೂ ಹೇಳಲಾರರು, ಮಗೂ. ನಿನ್ನ ಅಜ್ಜಿಗೆ ಇದನ್ನು ಹೇಳುವವರಿರಲಿಲ್ಲ. ನಿನ್ನ ತಾಯಿಗೆ ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ನಿನಗೆ ಹದಿನೈದರಲ್ಲಿಯೇ ತಿಳಿದಿದೆ. ರೋಗವು ಬಾರದೆ ಹೋಗಬಹುದು; ಬಂದರೂ ತಡವಾಗಿ ಬರುವಂತೆ, ನಿನ್ನನ್ನು ಎಚ್ಚರದಲ್ಲಿಯೇ ಕಾಣುವಂತೆ ಮಾಡುವುದು ಬಹುಮಟ್ಟಿಗೆ ನಿನ್ನ ಕೈಯಲ್ಲಿದೆ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆಯ ಹೊತ್ತು ತಾಯಿಯನ್ನೂ ನಡೆಯಲು ಕರೆದುಕೊಂಡು ಹೋಗಬಹುದೇ ಎಂದು ಕೇಳಿದಳು. ಅವಶ್ಯವಾಗಿ ಹೋಗಬಹುದೆಂದೆವು. ಸೊತ್ತು ಸಾಮಾನ್ಯವಾಗಿ ಹಿರಿಯರಿಂದ ಕಿರಿಯರಿಗೆ ಇಳಿಯುವುದು. ಒಳ್ಳೆಯ ರೂಢಿಯು ಮಾತ್ರ ಮಗಳಿಂದ ತಾಯಿಗೂ ಏರಬಲ್ಲುದು. ಈ ಶಾಲೆಯಲ್ಲಿ ಓದಿದ ಪ್ರತಿಯೊಬ್ಬ ಸಹೋದರಿಯೂ ತನ್ನ ಮನೆಯಲ್ಲಿ ಅದನ್ನು ಆರಂಭಿಸಲೆಂದು ಹಾರೈಸುತ್ತೇವೆ.