ರಾಜ್ಯಶಾಸ್ತ್ರದ ಸಂಶೋಧನೆ ಕಪಾಟಿನಲ್ಲಿಯೇ ಉಳಿಯುವುದೆ?

ವಿಶ್ವವಿದ್ಯಾಲಯಗಳಲ್ಲಿ ರಾಜಕೀಯವನ್ನು ಕುರಿತು ನಡೆಯುವ ಸಂಶೋಧನೆಯೆಂದರೆ ಪದವಿಗಾಗಿ ಬರೆದು, ಪರೀಕ್ಷಕರು ಓದಿ, ಆಮೇಲೆ ಗ್ರಂಥಾಲಯದ ಕಪಾಟಿನಲ್ಲಿ ಧೂಳು ಹಿಡಿಯುವ ಕಾಗದವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. ಅಂತಹ ಪ್ರಬಂಧಗಳು ಇಲ್ಲದಿಲ್ಲ. ಆದರೆ ಅವುಗಳಿಂದ ಇಡೀ ಶಾಸ್ತ್ರವನ್ನು ಅಳೆಯುವುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಒಂದುಂಟು: ಪ್ರಾಧ್ಯಾಪಕರು ಸೂತ್ರವನ್ನು ಹೇಳಿಕೊಡುತ್ತಾರೆ, ಸರ್ಕಾರವು ಅದನ್ನೇ ಶಾಸನವಾಗಿಸುತ್ತದೆ ಎಂಬುದು. ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ದೊರೆತ ಮೀಸಲಾತಿಯ ಚರಿತ್ರೆ ಹಾಗಿಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಶ್ರದ್ಧೆಯಿಂದ ರೂಪುಗೊಂಡ ಕರ್ನಾಟಕದ 1983ರ ಶಾಸನವು ಶೇಕಡಾ 25ರಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಮೂರನೆಯ ಒಂದು ಭಾಗವನ್ನು ದೇಶದ ಬಹುಭಾಗಕ್ಕೆ ವಿಧಿಸಿತು. ರಾಜಕೀಯ ಸಂಕಲ್ಪವು ಮುಂದೆ ನಡೆಯಿತು; ನಾನು ಹೇಳಹೊರಟಿರುವ ಸಂಶೋಧನೆ ಅದರ ಹಿಂದೆ ಬಂದಿತು.

ಹಿಂದೆ ಬಂದುದರಿಂದಲೇ ಅದಕ್ಕೆ ಬೆಲೆ. ಏಕೆಂದರೆ, ಹೆಂಡತಿ ಹೆಸರಿಗೆ ಮಾತ್ರ ಅಧ್ಯಕ್ಷೆ, ಆಳುವವನು ಗಂಡನೇ, ಆದಕಾರಣ ಮೀಸಲಾತಿ ವ್ಯರ್ಥ ಎಂಬ ಮಾತು ಆಗಲೇ ಊರೂರಲ್ಲಿ ಸಿದ್ಧಾಂತವಾಗಿಬಿಟ್ಟಿತ್ತು. ಗಂಡಂದಿರು ಅಧಿಕಾರ ನಡೆಸಿದ ಉದಾಹರಣೆಗಳು ನಿಜವೇ. ಆದರೆ ಅವುಗಳಿಂದ ತೆಗೆದ ತೀರ್ಮಾನವನ್ನು ಪರೀಕ್ಷಿಸಿದವರು ವಿರಳ. ಯಾವ ಪಂಚಾಯತಿಯ ಮುಖ್ಯಸ್ಥಾನ ಸ್ತ್ರೀಗೆ ಮೀಸಲೆಂಬುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿಶ್ಚಯವಾಗುತ್ತಿದ್ದ ಪ್ರದೇಶಗಳನ್ನು ಆರಿಸಿಕೊಂಡು, ಮೀಸಲಾದ ಊರುಗಳನ್ನೂ ಮೀಸಲಾಗದ ಊರುಗಳನ್ನೂ ಹೋಲಿಸಿ ನೋಡಿದವರು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂದುದಿಷ್ಟು: ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಸ್ತ್ರೀಯರು ಕುಡಿಯುವ ನೀರಿಗಾಗಿಯೂ ರಸ್ತೆಗಾಗಿಯೂ ಹೆಚ್ಚಾಗಿ ದೂರುತ್ತಿದ್ದರು, ಸ್ತ್ರೀ ಮುಖ್ಯಸ್ಥೆಯರಿದ್ದಲ್ಲಿ ಆ ಎರಡು ಕೆಲಸಗಳೂ ಹೆಚ್ಚಾಗಿದ್ದವು, ರಾಜಸ್ಥಾನದ ಉದಯಪುರದಲ್ಲಿ ಅವರ ಕೊರಗು ನೀರಿನದಾಗಿತ್ತು, ರಸ್ತೆಯದಲ್ಲ, ಅಲ್ಲಿ ನೀರಿನ ವೆಚ್ಚ ಏರಿ ರಸ್ತೆಯ ವೆಚ್ಚ ತಗ್ಗಿತ್ತು. ಆಳ್ವಿಕೆಯೆಲ್ಲ ಗಂಡಂದಿರದೇ ಆಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬರಬೇಕು? ಬಾವಿಗೂ ಬೋರಿಂಗಿಗೂ ದೂರ ನಡೆದ ತಾಯಂದಿರ ಆಯಾಸವು ಲೆಕ್ಕಪತ್ರದ ಅಂಕಿಯಾಗಿ ಕಾಣಿಸಿಕೊಂಡುದು ನನಗೆ ಈ ಶಾಸ್ತ್ರದ ಬಗೆಗಿರುವ ಗೌರವವನ್ನು ಇಮ್ಮಡಿಗೊಳಿಸಿದ ಸಂಗತಿ.

ಅದೇ ಬಂಗಾಳದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಸಮಾಜದ ಒಳಮನೆಗೇ ಪ್ರವೇಶಿಸಿತು. ಎರಡು ಅವಧಿಗಳಲ್ಲಿ ಸ್ತ್ರೀ ನಾಯಕತ್ವವನ್ನು ಕಂಡ ಊರುಗಳಲ್ಲಿ, ಭವಿಷ್ಯವನ್ನು ಕುರಿತು ಹುಡುಗರ ಹಾಗೂ ಹುಡುಗಿಯರ ಆಕಾಂಕ್ಷೆಗಳ ನಡುವಿದ್ದ ಅಂತರವು ಶೇಕಡಾ 32ರಷ್ಟು ಕುಗ್ಗಿತ್ತು. ವಿದ್ಯಾಭ್ಯಾಸದಲ್ಲಿದ್ದ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸದಲ್ಲಿ ಕಳೆಯುವ ಹೊತ್ತೂ ಕಡಿಮೆಯಾಗಿತ್ತು. ಮೀಸಲಾತಿಯನ್ನು ಸಮರ್ಥಿಸುವವರು ಆ ಬಳಿಕ ಕೇವಲ ನ್ಯಾಯದ ಹೆಸರಿನಲ್ಲಿ ಮಾತನಾಡಬೇಕಾಗಿಲ್ಲ. ವಿರೋಧಿಸುವವರು ಕೇವಲ ಕೇಳಿದ ಕಥೆಯನ್ನು ನಂಬಿ ಮಾತನಾಡುವಂತಿಲ್ಲ.

ಇಂತಹ ಫಲಿತಾಂಶವನ್ನು ಎಲ್ಲಿಗಾದರೂ ಎತ್ತಿಕೊಂಡು ಹೋಗಬಹುದೆಂದು ಭಾವಿಸುವುದು ಮತ್ತೊಂದು ತಪ್ಪು. ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಮೀಸಲಿಡುವ 2023ರ 106ನೆಯ ತಿದ್ದುಪಡಿಯನ್ನು ಚರ್ಚಿಸುವಾಗ ಬೀರ್‌ಭೂಮಿನ ಅಂಕಿಗಳನ್ನು ಸಾಕ್ಷಿಗೆ ಕರೆಯುವವರು ಒಂದು ಭೇದವನ್ನು ನೆನೆಯಬೇಕು: ಪಂಚಾಯತಿಯ ಮುಖ್ಯಸ್ಥೆಯ ಕೈಯಲ್ಲಿ ಊರಿನ ಕೆಲಸಗಳನ್ನು ನಿರ್ಣಯಿಸುವ ಅಧಿಕಾರವಿರುತ್ತದೆ, ಲೋಕಸಭೆಯ ಸದಸ್ಯೆಯಾದರೋ 543 ಮಂದಿಯಲ್ಲಿ ಒಬ್ಬಳು, ಪಕ್ಷದ ಆದೇಶಕ್ಕೆ ಬದ್ಧಳು, ಅಲ್ಲಿನ ಪರಿಣಾಮವನ್ನು ಅಲ್ಲಿಯೇ, ಹೊಸದಾಗಿ ಅಳೆಯಬೇಕಾಗುತ್ತದೆ.