‘ಓಪಿ’ ಎಂದರೆ ಎಷ್ಟು? ಆಟದ ಕವಚಗಳಿಂದ ಒಂದು ಶೇಕಡ ಪಾಠ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಎಂಟನೆಯ ತರಗತಿಯ ಗಣಿತ ದೊರೆತಿತ್ತು. ಪಾಠ: ಶೇಕಡ ಏರಿಕೆ ಮತ್ತು ಇಳಿಕೆ. ಪಾಠಯೋಜನೆಯ ‘ನಿರೀಕ್ಷಿತ ದೋಷಗಳು’ ಎಂಬ ಅಂಕಣದಲ್ಲಿ ನಾನು ಮೊದಲು ಬರೆದ ವಾಕ್ಯ ಹೀಗಿತ್ತು: ‘ಒಂದರ ಮೇಲೊಂದು ಬರುವ ಶೇಕಡಗಳನ್ನು ವಿದ್ಯಾರ್ಥಿಗಳು ಕೂಡಿಬಿಡುತ್ತಾರೆ, ಗುಣಿಸಬೇಕೆಂದು ತಿಳಿಸುವುದು.’ ಆ ವಾಕ್ಯವೇ ಮುಂದೆ ನನ್ನನ್ನು ತಪ್ಪು ದಾರಿಗೆ ಎಳೆಯಿತು.

ಮೂರನೆಯ ಪಾಠದಲ್ಲಿ, ನಿಮ್ಮದೇ ಒಂದು ಲೆಕ್ಕ ಕಟ್ಟಿ ಎಂದು ಮಕ್ಕಳಿಗೆ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಹಲಗೆಯ ಮೇಲೆ ಬರೆದ: ‘ಒಂದು ಏಟಿಗೆ 100 ಡ್ಯಾಮೇಜ್. ಕೈಗವಸಿನಿಂದ ಶೇ. 40 ಹೆಚ್ಚು. ಉಂಗುರದಿಂದ ಶೇ. 40 ಹೆಚ್ಚು. ಒಟ್ಟು 180.’ ನಾನು ಕಾಯುತ್ತಿದ್ದ ದೋಷ ಸಿಕ್ಕಿತೆಂದು ಖುಷಿಯಾಯಿತು. 180ರ ಮೇಲೆ ಗೆರೆ ಎಳೆದು, 100 × 1.4 × 1.4 = 196 ಎಂದು ಬರೆದೆ. ‘ಸರ್, ಆ ಆಟದಲ್ಲಿ 180ಏ ಬರುತ್ತೆ’ ಎಂದ. ‘ಆಟವಾದರೇನು, ಅಂಗಡಿಯಾದರೇನು, ಗಣಿತ ಒಂದೇ’ ಎಂದೆ. ತರಗತಿ ನಕ್ಕಿತು. ಅವನು ಹೋಗಿ ಕುಳಿತ. ಆ ವಾರವಿಡೀ ಮತ್ತೆ ಕೈ ಎತ್ತಲಿಲ್ಲ.

ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ನನ್ನ ಧ್ವನಿ, ಹಲಗೆಯ ಬಳಕೆ ಎಲ್ಲಕ್ಕೂ ಒಳ್ಳೆಯ ಮಾತು ಬರೆದು, ಕೊನೆಗೆ ಒಂದು ಪ್ರಶ್ನೆ ಇಟ್ಟಿದ್ದರು: ‘ಎರಡನೆಯ 40 ಯಾವುದರ ಮೇಲೆ?’ ನಾನು ಹುಡುಗನನ್ನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಅದನ್ನು ತಿಳಿಯಲು ಹಾಸ್ಟೆಲ್ಲಿನಲ್ಲಿ ಆಟ ಬಲ್ಲ ಗೆಳೆಯನ ಪಕ್ಕ ಎರಡು ಸಂಜೆ ಕೂತೆ. ಅಲ್ಲಿ ಕಲಿತದ್ದನ್ನು, ಅದರಿಂದ ಪಾಠ ಬದಲಾದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಗೇರ್ ಸೆಟ್ ಎಂದರೇನು?

ಆನ್‌ಲೈನ್ ರೋಲ್-ಪ್ಲೇಯಿಂಗ್ ಆಟಗಳಲ್ಲಿ ಆಟಗಾರನಿಗೆ ಒಂದು ಪಾತ್ರವಿರುತ್ತದೆ. ಅದು ತಲೆಗವಚ, ಎದೆಗವಚ, ಕೈಗವಸು, ಉಂಗುರ, ಆಯುಧ ಮುಂತಾದವನ್ನು ಧರಿಸುತ್ತದೆ. ಇವೇ ಗೇರ್. ಪ್ರತಿಯೊಂದರಲ್ಲೂ ‘ಇಷ್ಟು ಬಲ, ಇಷ್ಟು ಶೇಕಡ’ ಎಂದು ಬರೆದಿರುತ್ತದೆ. ಕೆಲವನ್ನು ಒಂದೇ ಗುಂಪಿನಿಂದ ಜೋಡಿಸಿ ತೊಟ್ಟರೆ ಹೆಚ್ಚುವರಿ ಬೋನಸ್ ಸಿಗುತ್ತದೆ. ಆ ಗುಂಪೇ ಸೆಟ್. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಮೊದಲ ಆವೃತ್ತಿಯಲ್ಲಿ ‘ಮೋಲ್ಟನ್ ಕೋರ್’ ಗುಹೆಯಲ್ಲಿ ದೊರೆಯುವ ಸೆಟ್‌ಗಳಿಗೆ 8 ತುಂಡುಗಳು. 3, 5 ಮತ್ತು 8 ತುಂಡು ತೊಟ್ಟಾಗ ಒಂದೊಂದು ಬೋನಸ್. ಯಾವುದಾದರೂ ಸೆಟ್ ಉಳಿದವುಗಳನ್ನು ತೀರಾ ಮೀರಿಸಿದರೆ ಆಟಗಾರರು ಅದನ್ನು ‘ಓವರ್‌ಪವರ್ಡ್’, ಚಿಕ್ಕದಾಗಿ ‘ಓಪಿ’ ಎನ್ನುತ್ತಾರೆ. ಎಷ್ಟು ಓಪಿ ಎಂಬುದು ಲೆಕ್ಕದ ಪ್ರಶ್ನೆ.

ಕೂಡುವ ಶೇಕಡ, ಗುಣಿಸುವ ಶೇಕಡ

ನಮ್ಮ ಹುಡುಗ ಹೇಳಿದ ಆಟ ‘ಪಾತ್ ಆಫ್ ಎಕ್ಸೈಲ್’. ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರಲ್ಲಿ ಬಿಡುಗಡೆ ಮಾಡಿದ್ದು. ಅದರಲ್ಲಿ ಎರಡು ಪದಗಳಿವೆ: ‘ಇನ್‌ಕ್ರೀಸ್ಡ್’ ಮತ್ತು ‘ಮೋರ್’. ಕನ್ನಡದಲ್ಲಿ ಎರಡಕ್ಕೂ ‘ಹೆಚ್ಚು’ ಎಂದೇ ಹೇಳುತ್ತೇವೆ. ಆಟದಲ್ಲಿ ಮಾತ್ರ ಎರಡರ ನಿಯಮ ಬೇರೆ. ‘ಇನ್‌ಕ್ರೀಸ್ಡ್’ ಎಂದು ಬರೆದ ಶೇಕಡಗಳನ್ನೆಲ್ಲ ಮೊದಲು ಕೂಡಿ, ಒಮ್ಮೆಗೇ ಮೂಲ ಸಂಖ್ಯೆಗೆ ಅನ್ವಯಿಸುತ್ತಾರೆ. ‘ಮೋರ್’ ಎಂದು ಬರೆದ ಪ್ರತಿಯೊಂದೂ ಅಲ್ಲಿಯವರೆಗಿನ ಫಲವನ್ನು ಗುಣಿಸುತ್ತದೆ. ಹುಡುಗನ ಕೈಗವಸು, ಉಂಗುರ ಎರಡೂ ‘ಇನ್‌ಕ್ರೀಸ್ಡ್’. ಆದ್ದರಿಂದ ಅವನ ಉತ್ತರ 180 ಸರಿ. ‘ಮೋರ್’ ಆಗಿದ್ದರೆ ನನ್ನ 196 ಸರಿಯಾಗುತ್ತಿತ್ತು.

180ಕ್ಕೂ 196ಕ್ಕೂ ದೊಡ್ಡ ಅಂತರವಿಲ್ಲ ಅನ್ನಿಸಬಹುದು. ಒಬ್ಬ ಆಟಗಾರ ತನ್ನ ಕೌಶಲಗಳಿಂದಲೇ ಈಗಾಗಲೇ ಶೇ. 300 ‘ಇನ್‌ಕ್ರೀಸ್ಡ್’ ಗಳಿಸಿದ್ದಾನೆ ಎಂದುಕೊಳ್ಳೋಣ. ಅವನ ಏಟು 100ರಿಂದ 400ಕ್ಕೆ ಏರಿದೆ.

ಎರಡು ‘ಇನ್‌ಕ್ರೀಸ್ಡ್’ 40 ಸೇರಿದರೆ: 100 × (1 + 3.8) = 480. ನಿಜವಾದ ಏರಿಕೆ ಶೇ. 20.
ಎರಡು ‘ಮೋರ್’ 40 ಸೇರಿದರೆ: 400 × 1.4 × 1.4 = 784. ನಿಜವಾದ ಏರಿಕೆ ಶೇ. 96.

ವಸ್ತುಗಳ ಮೇಲೆ ಬರೆದ ಸಂಖ್ಯೆ ಎರಡೂ ಕಡೆ ಒಂದೇ. ಒಂದು ಜೋಡಿ ಸಾಧಾರಣ, ಇನ್ನೊಂದು ಓಪಿ. ಬರೆದ ಶೇಕಡವನ್ನಷ್ಟೇ ನೋಡಿದರೆ ಇದು ತಿಳಿಯುವುದಿಲ್ಲ. ಯಾವುದರ ಮೇಲೆ ಎಂದು ಕೇಳಿದರೆ ತಿಳಿಯುತ್ತದೆ.

ಇದು ಆಟಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ನಮ್ಮ ಶಿಕ್ಷಕರ ವೇತನವನ್ನೇ ನೋಡಿ. ತುಟ್ಟಿಭತ್ಯೆ ಮೂಲವೇತನದ ಮೇಲೆ, ಮನೆಬಾಡಿಗೆ ಭತ್ಯೆಯೂ ಮೂಲವೇತನದ ಮೇಲೆ. ಲೆಕ್ಕಕ್ಕೆ ಒಂದನ್ನು ಶೇ. 40, ಇನ್ನೊಂದನ್ನು ಶೇ. 10 ಎಂದು ಹಿಡಿದರೆ 100 ರೂಪಾಯಿಗೆ 150 ಆಗುತ್ತದೆ, 154 ಆಗುವುದಿಲ್ಲ. ಇಲ್ಲಿ ಕೂಡುವುದೇ ಸರಿ. ಬಟ್ಟೆ ಅಂಗಡಿಯ ‘ಶೇ. 20 + ಶೇ. 20 ರಿಯಾಯಿತಿ’ ಫಲಕದಲ್ಲಿ ಎರಡನೆಯ 20 ಉಳಿದ 80ರ ಮೇಲೆ. ಕಡಿತ 36, 40 ಅಲ್ಲ. ಅಲ್ಲಿ ಗುಣಿಸುವುದೇ ಸರಿ. ‘ಶೇಕಡಗಳನ್ನು ಕೂಡಬಾರದು’ ಎಂದು ನಾನು ಕಲಿಸಿದ ನಿಯಮ ಅರ್ಧ ಸತ್ಯವಾಗಿತ್ತು.

ಕವಚದ ಒಗಟು

ಎರಡನೆಯ ಉದಾಹರಣೆ ರಕ್ಷಣೆಯದು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಮೊದಲ ಆವೃತ್ತಿಯಲ್ಲಿ ಕವಚವು ಆಯುಧದ ಏಟನ್ನು ಎಷ್ಟು ತಗ್ಗಿಸುತ್ತದೆ ಎಂಬುದಕ್ಕೆ ಸೂತ್ರ ಹೀಗಿದೆ:

ತಗ್ಗುವ ಭಾಗ = ಕವಚ ÷ (ಕವಚ + 400 + 85 × ಎದುರಾಳಿಯ ಮಟ್ಟ)

ಎದುರಾಳಿಯ ಮಟ್ಟ 60 ಆದರೆ ಕಂಸದೊಳಗಿನ ಸ್ಥಿರಸಂಖ್ಯೆ 5,500. ಈ ತಗ್ಗುವಿಕೆಗೆ ಶೇ. 75 ಎಂಬ ಮಿತಿಯೂ ಇದೆ. ಕವಚ 5,500 ಇದ್ದರೆ ಏಟು ಶೇ. 50 ತಗ್ಗುತ್ತದೆ. 11,000 ಇದ್ದರೆ ಸುಮಾರು ಶೇ. 66.7. 16,500 ಇದ್ದರೆ ಶೇ. 75.

ಇದನ್ನು ನೋಡಿದ ಯಾರಿಗಾದರೂ ಅನ್ನಿಸುವುದೇನು? ಮೊದಲ 5,500 ಕವಚ 50 ಅಂಶ ಕೊಟ್ಟಿತು. ಎರಡನೆಯ 5,500 ಬರೀ 16.7, ಮೂರನೆಯದು 8.3. ಮೂರನೆಯ ಭಾರದ ಸೆಟ್ ದಂಡ. ನಾನೂ ಹಾಗೆಯೇ ಅಂದುಕೊಂಡೆ. ಗೆಳೆಯ ಕೇಳಿದ: ‘ನಿನಗೆ ಬೇಕಾದದ್ದು ತಗ್ಗಿದ ಶೇಕಡವೋ, ಎಷ್ಟು ಏಟು ತಾಳುತ್ತೀಯ ಎಂಬುದೋ?’

ಪಾತ್ರದ ಜೀವಬಲ 6,000, ಪ್ರತಿ ಏಟು 1,000 ಎಂದಿಟ್ಟುಕೊಂಡು ಲೆಕ್ಕ ಮಾಡಿದೆವು.

ಕವಚ 0: ಪ್ರತಿ ಏಟಿಗೆ ನಷ್ಟ 1,000, ತಾಳುವ ಏಟು 6.
ಕವಚ 5,500: ನಷ್ಟ 500; ತಾಳುವ ಏಟು 12.
ಕವಚ 11,000: ನಷ್ಟ ಸುಮಾರು 333, ತಾಳುವ ಏಟು 18.
ಕವಚ 16,500: ನಷ್ಟ 250, ತಾಳುವ ಏಟು 24.

6, 12, 18, 24. ಪ್ರತಿ 5,500 ಕವಚವೂ ಸರಿಯಾಗಿ ಆರೇ ಏಟು ಕೊಡುತ್ತಿದೆ. ಕುಗ್ಗುತ್ತಿರುವಂತೆ ಕಂಡದ್ದು ಶೇಕಡ ಮಾತ್ರ. ಮೇಲಿನ ಹಂತದಲ್ಲಿ ಸಣ್ಣ ಶೇಕಡವೂ ದೊಡ್ಡದೆಂಬುದು ಇಲ್ಲಿ ತಿಳಿಯುತ್ತದೆ. ತಗ್ಗುವಿಕೆ 0ಯಿಂದ 5ಕ್ಕೆ ಏರಿದರೆ ತಾಳಿಕೆ ಶೇ. 5ಕ್ಕಿಂತ ತುಸು ಹೆಚ್ಚು ಏರುತ್ತದೆ. ಅದೇ 70ರಿಂದ 75ಕ್ಕೆ ಏರಿದರೆ ನಷ್ಟ 30ರಿಂದ 25ಕ್ಕೆ ಇಳಿದು, ತಾಳಿಕೆ ಶೇ. 20 ಏರುತ್ತದೆ. ವಿಲೋಮಾನುಪಾತ ಕಲಿಸಲು ಇದಕ್ಕಿಂತ ಚೊಕ್ಕ ಕೋಷ್ಟಕ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಸೆಟ್‌ನ ಬೆಲೆ: ಯಾವುದಕ್ಕೆ ಹೋಲಿಸಿ?

ಒಂದು ಸೆಟ್‌ನ ಬೋನಸ್ ‘ಶೇ. 15 ಹೆಚ್ಚು ಏಟು’ ಎಂದಿರಲಿ. ಸೆಟ್ ಶೇ. 15 ಉತ್ತಮವೇ? ಸೆಟ್ ತೊಡಲು 8 ಸ್ಥಾನಗಳಲ್ಲಿ ಬೇರೆ ಒಳ್ಳೆಯ ಬಿಡಿ ವಸ್ತುಗಳನ್ನು ಬಿಡಬೇಕು. ಬಿಡಿ ವಸ್ತುಗಳು ಸೆಕೆಂಡಿಗೆ 1,000 ಡ್ಯಾಮೇಜ್ ಕೊಡುತ್ತವೆ, ಸೆಟ್‌ನ ತುಂಡುಗಳು ಬೋನಸ್ ಇಲ್ಲದೆ 900 ಕೊಡುತ್ತವೆ ಎಂದು ಹಿಡಿಯೋಣ. 900 × 1.15 = 1,035. ಸೆಟ್‌ನ ಮೇಲುಗೈ ಶೇ. 3.5 ಮಾತ್ರ. ಹೋಲಿಸಬೇಕಾದದ್ದು ಬರಿಮೈಗೆ ಅಲ್ಲ, ಅದೇ ಜಾಗದಲ್ಲಿ ಸಿಗಬಹುದಾಗಿದ್ದ ಅತ್ಯುತ್ತಮ ಬದಲಿಗೆ.

ಹಾಗಾದರೆ ನಿಜವಾದ ಓಪಿ ಸೆಟ್ ಹೇಗೆ ಹುಟ್ಟುತ್ತದೆ? ಒಂದು ಬೋನಸ್ ಇನ್ನೊಂದರ ಮೇಲೆ ಹತ್ತಿದಾಗ. ಹಲವು ಆಟಗಳಲ್ಲಿ ‘ಕ್ರಿಟಿಕಲ್’ ಏಟು ಎಂಬುದಿದೆ. ಕೆಲವೊಮ್ಮೆ ಮಾತ್ರ ಬೀಳುವ ಬಲವಾದ ಏಟು. ಅದು ಬೀಳುವ ಸಾಧ್ಯತೆ ಶೇ. 20, ಬಿದ್ದಾಗ ಎರಡರಷ್ಟು ಎಂದಾದರೆ ಸರಾಸರಿ ಏಟು 1 + 0.2 × 1 = 1.2. ಸಾಧ್ಯತೆಯನ್ನು ಮಾತ್ರ ಶೇ. 40ಕ್ಕೆ ಏರಿಸಿದರೆ 1.4. ಬಲವನ್ನು ಮಾತ್ರ ಮೂರರಷ್ಟಕ್ಕೆ ಏರಿಸಿದರೂ 1 + 0.2 × 2 = 1.4. ಬಿಡಿಬಿಡಿಯಾಗಿ ಎರಡೂ ಸುಮಾರು ಶೇ. 16.7 ಏರಿಕೆ. ಎರಡನ್ನೂ ಒಟ್ಟಿಗೆ ಏರಿಸಿದರೆ 1 + 0.4 × 2 = 1.8. 1.2ಕ್ಕೆ ಹೋಲಿಸಿದರೆ ಏರಿಕೆ ಶೇ. 50. ಎರಡು 16.7 ಕೂಡಿದರೆ 33.4, ಗುಣಿಸಿದರೂ ಸುಮಾರು 36. ಮಿಕ್ಕದ್ದು ಜೋಡಣೆಯಿಂದ ಬಂದದ್ದು. ಇದನ್ನು ಅಳೆಯಲು ತುಂಡುಗಳನ್ನು ಬೇರೆಬೇರೆ ತೂಗಿದರೆ ಸಾಲದು. ಸೆಟ್ ಇಡಿಯಾಗಿ ಇದ್ದಾಗಿನ ಫಲವನ್ನು ಇಲ್ಲದಾಗಿನ ಫಲದಿಂದ ಭಾಗಿಸಬೇಕು.

ಮತ್ತೆ ತರಗತಿಗೆ

ಮುಂದಿನ ವಾರ ತರಗತಿಗೆ ಹೋದಾಗ ಮೊದಲು ಹಲಗೆಯ ಮೇಲೆ ಹುಡುಗನ ಲೆಕ್ಕವನ್ನೇ ಬರೆದೆ. ‘180 ಸರಿ. ಅಂದು ನಾನು ಎಳೆದ ಗೆರೆ ತಪ್ಪು’ ಎಂದೆ. ಹೇಳುವ ಮುನ್ನ ಗಂಟಲು ಒಣಗಿತ್ತು. ಹೇಳಿದ ಮೇಲೆ ಏನೂ ಆಗಲಿಲ್ಲ. ಹುಡುಗ ಕೂತಲ್ಲಿಂದಲೇ, ‘ಮೋರ್ ಆಗಿದ್ರೆ ನಿಮ್ದೇ ಸರಿ, ಸರ್’ ಎಂದ.

ತರಗತಿಯಲ್ಲಿ ಆಟ ಆಡದ ಮಕ್ಕಳೇ ಹೆಚ್ಚು. ಆದ್ದರಿಂದ ಮೊಬೈಲು, ಕಂಪ್ಯೂಟರು ಏನೂ ಬಳಸಲಿಲ್ಲ. ರಟ್ಟಿನ ಚೀಟಿಗಳಲ್ಲಿ ಕವಚ, ಉಂಗುರ, ಭತ್ಯೆ, ರಿಯಾಯಿತಿ ಎಲ್ಲವನ್ನೂ ಬೆರೆಸಿ ಬರೆದೆ. ಪ್ರತಿ ಚೀಟಿಯಲ್ಲೂ ಶೇಕಡದ ಪಕ್ಕ ಒಂದು ಖಾಲಿ ಜಾಗ: ‘ಯಾವುದರ ಮೇಲೆ?’ ಅದನ್ನು ತುಂಬಿದ ನಂತರವೇ ಕೂಡುವುದೋ ಗುಣಿಸುವುದೋ ಎಂದು ಗುಂಪು ತೀರ್ಮಾನಿಸಬೇಕು. ಏಟುಗಳ ಕೋಷ್ಟಕವನ್ನು ಆ ಹುಡುಗನೇ ಹಲಗೆಯ ಮೇಲೆ ವಿವರಿಸಿದ. ಕ್ರಿಟಿಕಲ್ ಲೆಕ್ಕ ಎಂಟನೆಯವರಿಗೆ ಭಾರವೆನಿಸಿ ಕೈಬಿಟ್ಟೆ.

ಪಾಠದ ಕೊನೆಗೆ ಒಬ್ಬ ಹುಡುಗಿ ಕೇಳಿದಳು: ‘ನಮ್ಮಮ್ಮನ ಸಂಘದ ಸಾಲದ ಬಡ್ಡಿ ಯಾವ ಥರದ್ದು, ಸರ್? ಮೊದಲು ತಗೊಂಡದ್ದರ ಮೇಲೋ, ಉಳಿದದ್ದರ ಮೇಲೋ?’ ನನ್ನ ಬಳಿ ಉತ್ತರವಿರಲಿಲ್ಲ. ಪಾಸ್‌ಬುಕ್ ನೋಡಿ ಬಾ ಎಂದೆ. ಮರುದಿನ ಎರಡು ತಿಂಗಳ ಬಡ್ಡಿಯನ್ನು ಚೀಟಿಯಲ್ಲಿ ಬರೆದು ತಂದಳು. ಎರಡನೆಯ ತಿಂಗಳು ಬಡ್ಡಿ ಇಳಿದಿತ್ತು. ಉಳಿದದ್ದರ ಮೇಲೆಯೇ ಎಂದು ಅವಳೇ ಕಂಡುಕೊಂಡಳು.

ಸಹಪ್ರಶಿಕ್ಷಣಾರ್ಥಿಗಳಿಗೆ

ಘಟಕ ಪರೀಕ್ಷೆಯಲ್ಲಿ ಕೆಲವರು ಮತ್ತೆ ಕೇಳದೆಯೇ ಕೂಡಿದ್ದರು, ಕೆಲವರು ಕೇಳದೆಯೇ ಗುಣಿಸಿದ್ದರು. ಒಂದು ಪಾಠದಿಂದ ಅಭ್ಯಾಸ ಬೇರೂರುವುದಿಲ್ಲ. ಆದರೂ ಈ ಪಾಠ ಮಾಡುವವರಿಗೆ ಮೂರು ಸೂಚನೆ ಕೊಡಬಲ್ಲೆ. ಮೊದಲನೆಯದು, ಕೂಡುವ ಒಂದು ಸಂದರ್ಭವನ್ನೂ ಗುಣಿಸುವ ಒಂದು ಸಂದರ್ಭವನ್ನೂ ಒಂದೇ ದಿನ ಅಕ್ಕಪಕ್ಕ ಇಡಿ. ಒಂದನ್ನೇ ತೋರಿಸಿ ನಿಯಮ ಮಾಡಬೇಡಿ. ಎರಡನೆಯದು, ಉತ್ತರದ ಜೊತೆ ‘ನಿಜವಾದ ಏರಿಕೆ ಎಷ್ಟು?’ ಎಂದು ಹೊಸದನ್ನು ಹಳೆಯದರಿಂದ ಭಾಗಿಸಿ ನೋಡುವ ರೂಢಿ ಮಾಡಿಸಿ. ಮೂರನೆಯದು, ಮಗು ತನಗೆ ಗೊತ್ತಿರುವ ಲೋಕದಿಂದ ಲೆಕ್ಕ ತಂದಾಗ ಗೆರೆ ಎಳೆಯುವ ಮುನ್ನ ಆ ಲೋಕದ ನಿಯಮ ಕೇಳಿ.

ನನ್ನ ಪಾಠಯೋಜನೆಯ ‘ನಿರೀಕ್ಷಿತ ದೋಷಗಳು’ ಅಂಕಣದಲ್ಲಿ ಈಗ ಹೀಗೆ ತಿದ್ದಿ ಬರೆದಿದ್ದೇನೆ: ‘ಶೇಕಡ ಯಾವುದರ ಮೇಲೆ ಎಂದು ವಿದ್ಯಾರ್ಥಿ ಕೇಳದಿರಬಹುದು. ಶಿಕ್ಷಕನೂ ಕೇಳದಿರಬಹುದು.’